ಚಿಕ್ಕಪ್ಪನ ಮದುವೆಯ ಅಂಗಿ

ನಗಬಾರದ ಕಡೆ ನಗುವುದು ನನ್ನ ಹುಟ್ಟುಗುಣ. ಶಾಲೆಯ ಪ್ರಾರ್ಥನೆಯಲ್ಲಿ ನಕ್ಕು ಬೆಂಚಿನ ಮೇಲೆ ನಿಂತಿದ್ದೇನೆ, ಉತ್ತರಕ್ರಿಯೆಯ ಊಟದಲ್ಲಿ ನಕ್ಕು ಎಲೆ ಬಿಟ್ಟು ಎದ್ದಿದ್ದೇನೆ, ನನ್ನದೇ ಮದುವೆಯ ಧಾರೆಯಲ್ಲಿ ನಕ್ಕು ಗಂಡನಿಂದ ಮೊದಲ ಬೈಗುಳ ತಿಂದಿದ್ದೇನೆ. ಹಾಗಿರುವಾಗ ಹೋದ ವರ್ಷ ಆಷಾಢದ ಹೊತ್ತಿನ ನಮ್ಮ ಆಟಿ ತಿಂಗಳು ಹಿಡಿಯುವಾಗ ಅಣ್ಣ ಕಡಬದ ನನ್ನ ಹೊಲಿಗೆ ಅಂಗಡಿಗೆ ಬಂದು, ಚಿಕ್ಕಪ್ಪನಿಗೆ ಮದುವೆ ಮಾಡುವುದೆಂದು ತೀರ್ಮಾನವಾಗಿದೆ, ವರನ ಅಂಗಿ ನೀನೇ ಹೊಲಿಯಬೇಕು ಎಂದು ಗಂಭೀರವಾಗಿ ಹೇಳಿದರೆ ನಾನೇನು ಮಾಡಲಿ? ಚಿಕ್ಕಪ್ಪ ನಾನು ಹುಟ್ಟುವ ಮೊದಲೇ ಯುದ್ಧಕ್ಕೆ ಹೋಗಿ ಕಾಣೆಯಾದ ಸೈನಿಕ. ನಾನು ಅವನನ್ನು ಕಂಡದ್ದು ಐವರ್ನಾಡಿನ ನಮ್ಮ ತವರುಮನೆಯ ಗೋಡೆಯ ಮೇಲೆ, ಚೌಕಟ್ಟಿನೊಳಗೆ ಮಾತ್ರ. ತುಟಿಯ ನಡುವೆ ಹಿಡಿದುಕೊಂಡಿದ್ದ ಗುಂಡುಸೂಜಿಗಳನ್ನು ನುಂಗದೆ ಉಳಿದದ್ದು ನನ್ನ ಪುಣ್ಯ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯಾಗದೆ ತೀರಿಕೊಂಡವರಿಗೂ ಮದುವೆ ಮಾಡುತ್ತಾರೆ. ಪ್ರೇತ ಮದುವೆ ಎನ್ನುತ್ತಾರೆ, ತುಳುವಿನಲ್ಲಿ ಕುಲೆ ಮದಿಮೆ. ಹೆಣ್ಣು ನೋಡುವುದು, ಬಳಿ, ಅಂದರೆ ಗೋತ್ರ, ಹೊಂದುತ್ತದೆಯೇ ಎಂದು ವಿಚಾರಿಸುವುದು, ನಿಶ್ಚಿತಾರ್ಥ, ಧಾರೆ, ಏಳು ಸುತ್ತು, ಊಟ, ಎಲ್ಲ ಬದುಕಿರುವವರ ಮದುವೆಯಂತೆಯೇ. ವರ ಕೂರುವ ಕುರ್ಚಿಯಲ್ಲಿ ಅವನ ಪಂಚೆ, ಅಂಗಿ, ಪೇಟ; ವಧುವಿನ ಕುರ್ಚಿಯಲ್ಲಿ ಸೀರೆ, ರವಿಕೆ, ಬಳೆ, ಮಲ್ಲಿಗೆ. ಆಟಿಯಲ್ಲಿ ಬದುಕಿರುವವರ ಮದುವೆ ನಡೆಯುವುದಿಲ್ಲ, ಹೊಲಿಗೆಯವರಿಗೆಲ್ಲ ನೊಣ ಹೊಡೆಯುವ ಕಾಲ. ಸತ್ತವರದ್ದಾದರೂ ಮದುವೆ ಬಂತಲ್ಲ ಎಂದು ನಾನು ಖುಷಿಪಟ್ಟೆ. ನಂಬುತ್ತೀಯಾ ಎಂದು ಕೇಳಿದರೆ ಅರ್ಧ ನಂಬುತ್ತೇನೆ. ಉಳಿದರ್ಧಕ್ಕೆ ಕೋಳಿ ಸಾರಿನ ಊಟವಿದೆ.

ಇಷ್ಟಕ್ಕೆಲ್ಲ ಕಾರಣ ಅಣ್ಣನ ಮಗ. ಸುಳ್ಯದಲ್ಲಿ ಪಿಕಪ್ ಓಡಿಸುತ್ತಾನೆ, ಮೂವತ್ತನಾಲ್ಕು ದಾಟಿತು, ನೋಡಿದ ಹೆಣ್ಣುಗಳಿಗೆ ಲೆಕ್ಕವಿಲ್ಲ. ಹುಡುಗಿ ಒಪ್ಪಿದರೆ ತಾಯಿ ಒಪ್ಪುವುದಿಲ್ಲ, ತಾಯಿ ಒಪ್ಪಿದರೆ ಹುಡುಗಿ ಫೋನ್ ಎತ್ತುವುದಿಲ್ಲ. ಅಣ್ಣ ಜೋಯಿಸರಲ್ಲಿ ಕವಡೆ ಹಾಕಿಸಿ ಪ್ರಶ್ನೆ ಕೇಳಿದಾಗ, ನಿಮ್ಮ ಮನೆಯಲ್ಲಿ ಮದುವೆಯಾಗದ ಗಂಡು ಪ್ರೇತವೊಂದು ಹಿರಿಯವನಾಗಿ ಕಾದು ಕೂತಿದೆ, ಅದನ್ನು ದಾಟಿ ಕಿರಿಯವನಿಗೆ ಹೆಣ್ಣು ಹೇಗೆ ಬರಬೇಕು ಎಂದರಂತೆ. ಅಣ್ಣನಿಗೆ ಅದು ಸರಿ ಕಂಡಿತು. ಅವನ ಮಗನಿಗಂತೂ ಬಹಳವೇ ಸರಿ ಕಂಡಿತು. ತಪ್ಪು ತನ್ನದಲ್ಲ ಅಂತ ಆಯಿತಲ್ಲ. ಅವನಿಗೆ ಇವತ್ತಿಗೂ ಹೆಣ್ಣು ಸಿಕ್ಕಿಲ್ಲ, ಅದು ಬೇರೆ ವಿಷಯ.

ಅಡ್ಡಿ ಇದ್ದದ್ದು ಒಂದೇ. ಕೊಲ್ಲಮೊಗ್ರಿನ ಅತ್ತೆ. ಚಿಕ್ಕಪ್ಪನ ತಂಗಿ, ಒಡಹುಟ್ಟಿದವರಲ್ಲಿ ಈಗ ಉಳಿದವಳು ಅವಳೊಬ್ಬಳೇ. ಅವಳ ಲೆಕ್ಕದಲ್ಲಿ ಚಿಕ್ಕಪ್ಪ ಸತ್ತಿಲ್ಲ.

ಇದರ ಬೇರು ಒಂದು ತಂತಿಯಲ್ಲಿದೆ. ಯುದ್ಧ ಮುಗಿಯುವ ಹೊತ್ತಿಗೆ ಐವರ್ನಾಡಿಗೆ ಬಂದ ಆ ತಂತಿಯಲ್ಲಿ ಎರಡು ತುಂಡು ಸುದ್ದಿ ಇತ್ತು: ನಿಮ್ಮ ಮಗ ಕಾಣೆಯಾಗಿದ್ದಾರೆ, ಬಹುಶಃ ಮಡಿದಿದ್ದಾರೆ. ಶಾಲೆಯ ಮೇಷ್ಟ್ರು ಇಂಗ್ಲಿಷಿನಿಂದ ಬಿಡಿಸಿ ಹೇಳಿದರು. ಅಜ್ಜ ಎರಡನೆಯ ತುಂಡು ಹಿಡಿದುಕೊಂಡು ಮಾತು ಬಿಟ್ಟರು. ಹದಿನೆಂಟು ವರ್ಷದ ಅತ್ತೆ ಮೊದಲನೆಯ ತುಂಡು ಹಿಡಿದುಕೊಂಡಳು, ಬಿಡಲೇ ಇಲ್ಲ. ಕಾಣೆಯಾದದ್ದು ಎಂದರೆ ಎಲ್ಲಿಯೋ ಇದೆ ಎಂದು ಅರ್ಥ, ಕತ್ತಿ ಕಾಣೆಯಾದರೆ ಸತ್ತಿತು ಅನ್ನುತ್ತೇವಾ ಎಂದು ಕೇಳಿದಳಂತೆ. ಹೆಣ ಬಾರದ್ದರಿಂದ ಕ್ರಿಯೆ ಆಗಲಿಲ್ಲ. ಚಿತ್ರಕ್ಕೆ ಹಾರ ಬೀಳಲಿಲ್ಲ. ನಮ್ಮ ಮನೆಯ ಗೋಡೆಯಲ್ಲಿ ಎಲ್ಲರಿಗೂ ಹಾರ ಇದೆ, ಪುತ್ತೂರಿನ ಸ್ಟುಡಿಯೋದಲ್ಲಿ ಸಮವಸ್ತ್ರ ಹಾಕಿ ಕೂತ ಚಿಕ್ಕಪ್ಪನೊಬ್ಬ ಮಾತ್ರ ಬರಿಗೊರಳಲ್ಲಿ ನಮ್ಮನ್ನು ನೋಡುತ್ತಾನೆ.

ಅತ್ತೆಯ ಕಾಯುವಿಕೆಯಲ್ಲಿ ಕಣ್ಣೀರು ಕಡಿಮೆ, ಗದ್ದಲ ಜಾಸ್ತಿ. ಸೆರೆ ಸಿಕ್ಕವರ ಹೆಸರು ರೇಡಿಯೋದಲ್ಲಿ ಓದುತ್ತಾರೆಂದು ಯಾರೋ ಹೇಳಿದ್ದಕ್ಕೆ ತಿಂಗಳುಗಟ್ಟಲೆ ಎರಡು ಮೈಲಿ ನಡೆದು ರೇಡಿಯೋ ಇರುವ ಮನೆಗೆ ಹೋದಳು. ಕೊನೆಗೆ ಆ ಮನೆಯವರೇ ಅವಳನ್ನು ಕೊಲ್ಲಮೊಗ್ರಿನಲ್ಲಿ ತೋಟ ಮಾಡಿಕೊಂಡಿದ್ದ ತಮ್ಮ ಮಗನಿಗೆ ತಂದುಕೊಂಡರು. ನಮ್ಮ ಕೊಲ್ಲಮೊಗ್ರಿನ ಮಾವ ಆ ರೇಡಿಯೋದ ಮಾಲೀಕ. ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲಿ ಗಡ್ಡ ಬಿಟ್ಟವರನ್ನೆಲ್ಲ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಒಮ್ಮೆ ಕಿವಿ ಥೇಟ್ ತನ್ನ ಅಣ್ಣನದ್ದೇ ಎಂದು ಒಬ್ಬ ಸನ್ಯಾಸಿಯನ್ನು ಮನೆಗೆ ಕರೆದು ಮೂರು ದಿನ ಹೊಟ್ಟೆ ತುಂಬ ಬಡಿಸಿದಳು. ಆ ಮನುಷ್ಯ ಧಾರವಾಡ ಕಡೆಯವನು, ಅವನಿಗೆ ಯುದ್ಧವೂ ಗೊತ್ತಿಲ್ಲ, ಐವರ್ನಾಡೂ ಗೊತ್ತಿಲ್ಲ. ನಾಲ್ಕನೆಯ ದಿನ ಮಾವನ ಕೊಡೆ ಹಿಡಿದುಕೊಂಡು ಹೋದ. ಅತ್ತೆಗೆ ಅದರ ಬಗ್ಗೆ ಸಿಟ್ಟಿಲ್ಲ, ಕಿವಿ ಮಾತ್ರ ಅಣ್ಣನದ್ದೇ ಎಂದು ಈಗಲೂ ಹೇಳುತ್ತಾಳೆ.

ಅವನ ಅಂಗಿಗಳನ್ನು ಅವಳು ಪೆಟ್ಟಿಗೆಯಲ್ಲಿ ಇಡಲಿಲ್ಲ. ಎಲ್ಲವನ್ನೂ ನನ್ನ ಅಪ್ಪನಿಗೆ ತೊಡಿಸಿ ಹರಿಯುವವರೆಗೆ ಸವೆಸಿದಳು. ಪೆಟ್ಟಿಗೆಯಲ್ಲಿ ಇಟ್ಟರೆ ಅದು ಸತ್ತವನ ಅಂಗಿಯಾಗುತ್ತದೆ, ಬಂದ ಮೇಲೆ ಹೊಸತು ಹೊಲಿಸಿದರಾಯಿತು ಎನ್ನುವುದು ಅವಳ ವಾದ.

ಇನ್ನು ಎಲೆಯ ವಿಷಯ ಹೇಳದಿದ್ದರೆ ನಾನು ಉಪ್ಪು ತಿಂದ ಮನೆಗೆ ದ್ರೋಹವಾಗುತ್ತದೆ. ದೀಪಾವಳಿಗೆ ನಮ್ಮಲ್ಲಿ ಹಿರಿಯರಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ತೀರಿಹೋದವರಿಗೆಲ್ಲ ಸಾಲಾಗಿ ಎಲೆ ಹಾಕಿ, ಅವರವರು ಇಷ್ಟಪಟ್ಟದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ಸುಮ್ಮನೆ ಕೂರುವುದು. ಆ ಸಾಲಿನಲ್ಲಿ ಚಿಕ್ಕಪ್ಪನಿಗೆ ಎಲೆ ಹಾಕಲು ಅತ್ತೆ ಬಿಡಲಿಲ್ಲ. ಬದಲಿಗೆ ಹೊರಗೆ ಚಾವಡಿಯಲ್ಲಿ ನಾವು ಬದುಕಿರುವವರು ಊಟಕ್ಕೆ ಕೂರುವ ಸಾಲಿನಲ್ಲಿ, ಅಪ್ಪನ ಬಲಕ್ಕೆ, ಅವನಿಗೊಂದು ಎಲೆ. ದೀಪಾವಳಿಗೆ ಮಾತ್ರವಲ್ಲ, ಮನೆಯಲ್ಲಿ ಯಾವ ಔತಣವಾದರೂ ಅಷ್ಟೇ. ಅವಳು ಕೊಲ್ಲಮೊಗ್ರಿನಿಂದ ಬಂದೇ ಬರುತ್ತಿದ್ದಳು, ತಾನೇ ಬಡಿಸುತ್ತಿದ್ದಳು. ಯಾರೂ ಬಂದು ಕೂರದ ಆ ಎಲೆ ಊಟ ಮುಗಿಯುವ ಹೊತ್ತಿಗೆ ಮಕ್ಕಳ ಪಾಲಾಗುತ್ತಿತ್ತು. ನಾನು ಕಚ್ಚಾಡಿ ಜಗಳಾಡಿ ಹನ್ನೆರಡು ವರ್ಷ ಅದರ ಪಾಯಸ ತಿಂದಿದ್ದೇನೆ. ಚಿಕ್ಕಪ್ಪ ಬಂದುಬಿಟ್ಟರೆ ಎರಡನೆಯ ಪಾಯಸ ಹೋಗುತ್ತದಲ್ಲ ಎಂದು, ಅವನು ಸ್ವಲ್ಪ ತಡವಾಗಿ ಬರಲಿ ಎಂದು ದೇವರಲ್ಲಿ ಬೇಡಿಕೊಂಡದ್ದೂ ಇದೆ. ದೇವರು ನನ್ನ ಎಲ್ಲ ಮಾತು ಬಿಟ್ಟು ಅದೊಂದನ್ನೇ ಕೇಳಿಸಿಕೊಂಡ ಎಂದು ದೊಡ್ಡವಳಾದ ಮೇಲೆ ಒಂದೆರಡು ಸಲ ಅತ್ತಿದ್ದೇನೆ.

ಅಂಥ ಅತ್ತೆಯ ಹತ್ತಿರ ನಾನೂ ಅಣ್ಣನೂ ಪ್ರೇತ ಮದುವೆಯ ಮಾತು ಎತ್ತಲು ಹೋದೆವು. ದಾರಿಯಲ್ಲಿ ಅಣ್ಣ ಹತ್ತು ಥರ ಪೀಠಿಕೆ ಅಭ್ಯಾಸ ಮಾಡಿದ. ಅಲ್ಲಿ ಹೋಗಿ ಕೂತದ್ದೇ ಪೀಠಿಕೆಯೆಲ್ಲ ಮರೆತು, ಚಿಕ್ಕಪ್ಪನಿಗೆ ಹೆಣ್ಣು ನೋಡಿದ್ದೇವೆ ಎಂದುಬಿಟ್ಟ. ಅತ್ತೆ ಮೊರದಲ್ಲಿ ಕಾಳುಮೆಣಸು ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಕೊನೆಯ ರಜೆಗೆ ಬಂದಾಗ ತನ್ನ ಅಣ್ಣನೇ ನನಗೊಂದು ಹುಡುಗಿ ನೋಡಿಡು ಎಂದು ಹೇಳಿ ಹೋಗಿದ್ದ, ತಾನು ನೋಡದೆ ಬಿಟ್ಟದ್ದೇ ತಪ್ಪಾಯಿತು ಎಂದಳು. ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಮೊರ ಕೆಳಗಿಟ್ಟು ಹೇಳಿದಳು:

"ಮದುವೆ ಮಾಡುದಾದ್ರೆ ಮಾಡಿ. ನಾನೂ ಬರ್ತೇನೆ. ಅವ ಸತ್ತಿದ್ದಾನೆ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಆಮೇಲೆ ಅವ ಬಂದರೆ ಎಂತ ಹೇಳುವುದು ಎಂದು ನಾನು ಕೆಣಕಿದೆ. ಬಂದರೆ ಹೆಂಡತಿಯೊಟ್ಟಿಗೆ ಇರಲಿ, ಅವನಿಗೆ ಕೇಡೇನು ಎಂದಳು. ಹೆಂಡತಿ ಪ್ರೇತವಲ್ಲವಾ ಎಂದೆ. ನನ್ನ ಅತ್ತೆಗಿಂತ ಮೇಲೇ ಇದ್ದಾಳು ಎಂದು ಸತ್ತುಹೋದ ತನ್ನ ಗಂಡನ ತಾಯಿಯನ್ನು ಮಾತಿಗೆ ಎಳೆದಳು. ನಾನು ನಕ್ಕ ರಭಸಕ್ಕೆ ಮೊರ ಮಗುಚಿ, ಅರ್ಧ ಗಂಟೆ ಮೂವರೂ ಮೊಣಕಾಲೂರಿ ಕಾಳುಮೆಣಸು ಹೆಕ್ಕಿದೆವು.

ಹೆಣ್ಣು ಕಾಣಿಯೂರಿನವಳು. ಹತ್ತೊಂಬತ್ತನೆಯ ವರ್ಷದಲ್ಲಿ ಮೂರು ದಿನದ ಜ್ವರಕ್ಕೆ ಹೋದ ಹುಡುಗಿ, ಹೋಗಿ ನಲವತ್ತು ವರ್ಷದ ಮೇಲಾಯಿತು. ಅವಳ ತಾಯಿ ಇನ್ನೂ ಇದ್ದಾರೆ, ತೊಂಬತ್ತರ ಹತ್ತಿರ, ಮೈ ಸಣ್ಣ, ದನಿ ಗಟ್ಟಿ. ನಿಶ್ಚಯಕ್ಕೆ ನಾವು ಐದು ಜನ ಹೋದೆವು. ಹುಡುಗಿಯ ಅಣ್ಣ ನಿವೃತ್ತ ಬಸ್ ಕಂಡಕ್ಟರ್. ಪುಸ್ತಕ, ಪೆನ್ನು ಹಿಡಿದು ಒಂದೊಂದೇ ವಿವರ ಬರೆದುಕೊಂಡರು. ಬಳಿ ಹೊಂದಿತು. ಮನೆದೈವ ಹೊಂದಿತು. ವರನ ವಯಸ್ಸು ಎಂದರು. ಅಣ್ಣ ಇಪ್ಪತ್ತೆರಡು ಎಂದ. ಅದೇ ಗಳಿಗೆಗೆ ಅತ್ತೆ ಎಪ್ಪತ್ತಾರು ಎಂದಳು.

ಕಂಡಕ್ಟರರ ಪೆನ್ನು ನಿಂತಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದಂತೆ ಮಾಡಿದೆ, ಅವರ ಸೊಸೆ ಪಾಪ ಓಡಿಹೋಗಿ ನೀರು ತಂದಳು. ಅಣ್ಣ ವಿವರಿಸಲು ಹೊರಟು ಇನ್ನಷ್ಟು ಕೆಡಿಸಿದ: ಹೋಗುವಾಗ ಇಪ್ಪತ್ತೆರಡು, ಅತ್ತೆ ಹೇಳುವುದು ಈಗಿನದ್ದು, ಮಿಲಿಟರಿಯವರ ಕಾಗದದಲ್ಲಿ ಬಹುಶಃ ಅಂತ ಮಾತ್ರ ಉಂಟು, ಹೀಗೆ. ಆಗ ಒಳಬಾಗಿಲಲ್ಲಿ ಕೂತಿದ್ದ ತಾಯಿ ಮಾತಾಡಿದರು. ಕೇಳಿದ್ದು ಅಣ್ಣನನ್ನಲ್ಲ, ಅತ್ತೆಯನ್ನು.

"ನಮಗೆ ನಿಮ್ಮ ಮನೆತನದಲ್ಲಿ ಎಂತ ಸಂಶಯ ಇಲ್ಲ. ಆದ್ರೆ ಅವ ಇನ್ನೂ ಈಚೆ ಇದ್ರೆ ನನ್ನ ಮಗಳು ಅಲ್ಲಿ ಯಾರೊಟ್ಟಿಗೆ ಇರುದು?"

ನನ್ನ ನಗು ನಿಂತಿತು. ಬರೆದು ಕೊಡುವುದೇನೂ ಬೇಡ, ಧಾರೆಗೆ ಮೊದಲು ತಂಗಿಯಾದವಳು ಅವ ಆಚೆ ಸೇರಿದ್ದಾನೆ ಎಂದು ತನಗೆ ಒಂದು ಮಾತು ಹೇಳಬೇಕು, ಹೇಳಿದರೆ ಮದುವೆ, ಇಲ್ಲದಿದ್ದರೆ ಊಟ ಮಾಡಿಕೊಂಡು ಹೋಗಿ ಎಂದರು ತಾಯಿ. ಸಿಟ್ಟಿನಿಂದ ಹೇಳಲಿಲ್ಲ. ಮಗಳನ್ನು ಕೊಡುವ ಯಾವ ತಾಯಿಯೂ ಕೇಳುವಂಥದ್ದನ್ನೇ ಕೇಳಿದರು. ಅತ್ತೆ ಹಲಸಿನ ಹಪ್ಪಳ ಚೆನ್ನಾಗಿದೆ, ಖಾರಕ್ಕೆ ಗಾಂಧಾರಿ ಮೆಣಸು ಹಾಕಿದ್ದಾ ಎಂದು ಕೇಳಿದಳು.

ಹೊರಡುವಾಗ ಆ ತಾಯಿ ನನ್ನ ಕೈಗೆ ಒಂದು ಹಳೆಯ ರವಿಕೆ ಕೊಟ್ಟರು. ನಮ್ಮಲ್ಲಿ ಧಾರೆ ಸೀರೆ, ರವಿಕೆ ಗಂಡಿನ ಕಡೆಯವರದ್ದು, ಹಾಗಾಗಿ ಅಳತೆಗೆಂದು ಕೊಟ್ಟದ್ದು. ಹೂವಿನ ವಾಯಿಲ್ ಬಟ್ಟೆ, ಬಣ್ಣ ಹೋಗಿ ಬಿಳಿಚಿಕೊಂಡಿತ್ತು, ತೋಳು ನನ್ನ ಮುಷ್ಟಿಯಷ್ಟು. ಈಗ ನಾನು ಯಾವ ರವಿಕೆ ಹೊಲಿದರೂ ಒಳಗೆ ಎರಡೂ ಬದಿಯಲ್ಲಿ ಒಂದೊಂದು ಇಂಚು ಬಟ್ಟೆ ಬಿಡುತ್ತೇನೆ. ಹೊಲಿಗೆಯವರ ಕ್ರಮ ಅದು. ಹೆಂಗಸರು ದಪ್ಪಗಾಗುತ್ತಾರೆ, ಆಮೇಲೆ ಬಿಚ್ಚಿ ಸಡಿಲ ಮಾಡಬಹುದು. ಒಳಗೆ ಎಷ್ಟು ಬಿಡಲಿ ಎಂದು ಅಭ್ಯಾಸಬಲದಿಂದ ಬಾಯಿ ಜಾರಿ ಕೇಳಿಬಿಟ್ಟೆ.

"ಎಂತ ಸಹ ಬಿಡ್ಬೇಡ ಮಗಾ," ಎಂದರು. "ಅವಳು ಇನ್ನು ದಪ್ಪ ಆಗ್ಲಿಕ್ಕಿಲ್ಲ."

ವಾಪಸು ಬರುವಾಗ ಅತ್ತೆ ಆ ಮಾತು ಹೇಳುತ್ತಾಳಾ, ಹೇಳುವುದಿಲ್ಲವಾ ಎಂಬ ಒಂದೇ ಯೋಚನೆ ನಮ್ಮೆಲ್ಲರ ತಲೆಯಲ್ಲಿ. ಅಣ್ಣ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಎರಡು ಸಲ ಕಾರನ್ನು ಹೊಂಡಕ್ಕೆ ಇಳಿಸಿದ. ಪಂಜ ಪೇಟೆ ದಾಟಿದ ಮೇಲೆ ಅವಳು, ಅಂಗಿಯ ಅಳತೆ ತೆಗೆಯುವುದು ಯಾವಾಗ ಎಂದು ಕೇಳಿದಳು.

ಕೊಲ್ಲಮೊಗ್ರಿನ ಜಗಲಿಯಲ್ಲಿ ಅಳತೆ ತೆಗೆದದ್ದು ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಅತಿ ದೊಡ್ಡ ತಮಾಷೆ. ಮೈ ಇಲ್ಲದವನಿಗೆ ಅಳತೆ ಎಲ್ಲಿಂದ? ಇಪ್ಪತ್ತೆರಡು ವರ್ಷದ ಹುಡುಗನಿಗೆ ಮೂವತ್ತನಾಲ್ಕು ಇಂಚಿನ ಎದೆ ಸಾಕು, ಚಿತ್ರ ನೋಡಿದರೂ ಗೊತ್ತಾಗುತ್ತದೆ ಎಂದೆ ನಾನು. ಅತ್ತೆ ಅಣ್ಣನನ್ನು ಕರೆದು ನಿಲ್ಲಿಸಿದಳು. ನಮ್ಮ ಮನೆಯ ಗಂಡಸರಿಗೆಲ್ಲ ಐವತ್ತಕ್ಕೆ ಹೊಟ್ಟೆ ಬರುತ್ತದೆ, ಇವನ ಮೇಲೆ ಅಳೆ ಎಂದಳು. ಅಣ್ಣ ಮರ್ಯಾದೆಗೆ ಹೊಟ್ಟೆ ಒಳಗೆ ಎಳೆದುಕೊಂಡ. ಅವಳು ಎರಡು ಬೆರಳಲ್ಲಿ ತಿವಿದು ಹೊರಗೆ ಬಿಡಿಸಿದಳು. ಮಿಲಿಟರಿಯವನಲ್ಲವಾ, ವ್ಯಾಯಾಮ ಮಾಡಿಯಾನು ಎಂದು ಅಣ್ಣ ಚಿಕ್ಕಪ್ಪನ ಪರ ವಾದಿಸಿದ. ಜೈಲಿನಲ್ಲಿ ಎಂತ ವ್ಯಾಯಾಮ ಎಂದು ಅವಳು ತಳ್ಳಿಹಾಕಿದಳು. ಟೇಪಿನ ಮೇಲೆ ಅವಳಿಗೆ ನಂಬಿಕೆ ಇಲ್ಲ, ಎಲ್ಲವನ್ನೂ ಗೇಣಿನಲ್ಲೇ ಅಳೆಯುವವಳು. ಹೊಸ ಮನೆಯ ಕಿಟಕಿಯನ್ನೂ ಬಡಗಿಗೆ ಗೇಣಿನಲ್ಲೇ ಹೇಳಿದ್ದಳು. ಅಣ್ಣನ ಹೊಟ್ಟೆಯ ಸುತ್ತ ಗೇಣು ಹಾಕಿಕೊಂಡು ಅವಳು ಪ್ರದಕ್ಷಿಣೆ ಬಂದಾಗ ಅವನಿಗೆ ಕಚಗುಳಿಯಾಗಿ ಕೂಗಿಕೊಂಡ, ಹಟ್ಟಿಯಲ್ಲಿ ದನ ಎದ್ದು ನಿಂತಿತು.

ಅಷ್ಟಕ್ಕೆ ಮುಗಿಯಲಿಲ್ಲ. ಗುಂಡಿ ದೊಡ್ಡದಿರಲಿ, ಈ ಪ್ರಾಯದಲ್ಲಿ ಬೆರಳು ನಡುಗುತ್ತದೆ. ಕನ್ನಡಕ ಇಡಲು ಕಿಸೆ ಬೇಕು. ಬೆನ್ನು ಸ್ವಲ್ಪ ಬಾಗಿರುತ್ತದೆ, ಹಿಂದೆ ಒಂದು ಇಂಚು ಉದ್ದ ಇಡು. ನಾನು ಎಲ್ಲವನ್ನೂ ಬರೆದುಕೊಂಡೆ. ಎದೆ ನಲವತ್ತನಾಲ್ಕು. ನಗುತ್ತಲೇ ಬರೆದುಕೊಂಡೆ, ಆದರೆ ನಗುತ್ತಿರುವಾಗಲೇ ಒಂದು ಮಾತು ನನಗೆ ಹೊಳೆಯಿತು: ಅವಳು ಐವತ್ತನಾಲ್ಕು ವರ್ಷದಿಂದ ಪ್ರತಿ ವರ್ಷ ತನ್ನ ಅಣ್ಣನಿಗೆ ವಯಸ್ಸು ಕೂಡಿಸುತ್ತ ಬಂದಿದ್ದಾಳೆ, ಕೂದಲು ಉದುರಿಸಿದ್ದಾಳೆ, ಕನ್ನಡಕ ಹಾಕಿಸಿದ್ದಾಳೆ. ನನಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ನನ್ನ ಅಣ್ಣನ ಮೇಲೆ, ಅವನ ಮಗನ ಮೇಲೆ, ಆ ಕವಡೆಯ ಮೇಲೆ ಸಿಟ್ಟೂ ಬಂತು.

ಪುತ್ತೂರಿಗೆ ಹೋಗಿ ಬಟ್ಟೆ ತಂದೆ. ಅಂಗಿಗೆ ಕೆನೆಬಣ್ಣದ ಸಿಲ್ಕ್, ರವಿಕೆಗೆ ಅರಿಶಿನ ಬಣ್ಣ, ಹಸಿರು ಅಂಚು. ಹೊಲಿದು ಮುಗಿಸಿ ಎರಡನ್ನೂ ಅಕ್ಕಪಕ್ಕ ಮೇಜಿನ ಮೇಲೆ ಹರಡಿದಾಗ ಕಾಜಾ ಹಾಕುವ ನನ್ನ ಸಹಾಯಕಿ ಬಿದ್ದು ಬಿದ್ದು ನಕ್ಕಳು. ಈ ಅಂಗಿಯ ಒಂದು ಕಿಸೆಯಲ್ಲಿ ಮದುಮಗಳನ್ನು ಹಾಕಿಕೊಂಡು ಹೋಗಬಹುದಲ್ಲ ಅಕ್ಕ ಎಂದಳು. ಇಬ್ಬರೂ ನಕ್ಕೆವು. ಅಜ್ಜ ಮೊಮ್ಮಗಳ ಜೋಡಿಯ ಹಾಗೆ ಕಾಣುತ್ತಿತ್ತು. ಸಂಜೆಯವರೆಗೆ ಯಾವ ಗಿರಾಕಿ ಬಂದರೂ ತೋರಿಸಿ ನಗಿಸಿದೆವು, ಮದುಮಗ ಯಾರೆಂದು ಮಾತ್ರ ಹೇಳಲಿಲ್ಲ.

ಮದುವೆ ಆಟಿ ಮುಗಿಯುವ ಮೊದಲಿನ ಒಂದು ಆದಿತ್ಯವಾರ, ಕಾಣಿಯೂರಿನ ಹೆಣ್ಣಿನ ಮನೆಯಂಗಳದಲ್ಲಿ. ಈ ಮದುವೆಯನ್ನು ಮದುವೆಯಾಗದವರು ನೋಡಬಾರದು. ಹಾಗಾಗಿ ಯಾರಿಗೋಸ್ಕರ ಇಷ್ಟೆಲ್ಲ ನಡೆಯುತ್ತಿತ್ತೋ ಆ ಅಣ್ಣನ ಮಗನಿಗೇ ಪ್ರವೇಶವಿಲ್ಲ. ಅವನು ಪಿಕಪ್ಪಿನಲ್ಲಿ ನಮ್ಮ ದಿಬ್ಬಣದ ಹರಿವಾಣ, ಕುರ್ಚಿಗಳನ್ನು ತಂದು ಗೇಟಿನ ಹೊರಗೆ ಇಳಿಸಿ, ಪೇಟೆಯ ಹೋಟೆಲಿನಲ್ಲಿ ಕೂತು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಧಾರೆ ಆಯ್ತಾ? ಊಟಕ್ಕಾದರೂ ಬರಬಹುದಾ? ನನ್ನ ಗಂಡ ಅವನಿಗೆ ನೇರ ಪ್ರಸಾರ ಕೊಡುತ್ತಿದ್ದ. ಉಳಿದದ್ದೆಲ್ಲ ಸಡಗರವೇ. ವಾಲಗ, ಸೆಂಟು, ಬೀಗರ ತಮಾಷೆ. ವರ ಬಹಳ ಮೌನಿ ಎಂದರು ಅವರ ಕಡೆಯ ಹೆಂಗಸರು. ನಿಮ್ಮ ಹುಡುಗಿಯದ್ದೇನು ಕಡಿಮೆಯೇ ಎಂದೆವು ನಾವು. ಅಣ್ಣನಂತೂ ತನ್ನ ಮಗನ ಮದುವೆಯೇ ಎಂಬಂತೆ ಎಲ್ಲರಿಗೂ ಕೈ ಮುಗಿಯುತ್ತ ಓಡಾಡಿದ.

ಅತ್ತೆ ಮಾತ್ರ ಬಂದಾಗಿನಿಂದ ಚಪ್ಪರದ ಕಂಬಕ್ಕೆ ಒರಗಿ ಕೂತವಳು ಎದ್ದಿರಲಿಲ್ಲ. ಆಚೆ ಜಗಲಿಯಲ್ಲಿ ಆ ತಾಯಿ ಕೂತು ಇವಳನ್ನೇ ನೋಡುತ್ತಿದ್ದರು. ಒತ್ತಾಯ ಮಾಡಲಿಲ್ಲ, ಕರೆಯಲಿಲ್ಲ. ಕಂಡಕ್ಟರರು ಎರಡು ಸಲ ಗಡಿಯಾರ ನೋಡಿಕೊಂಡರು.

ಕುರ್ಚಿ ಅಲಂಕರಿಸುವ ಕೆಲಸ ನನ್ನದು. ಮೊದಲು ವಧುವಿನ ಕುರ್ಚಿ. ಸೀರೆಗೆ ನೆರಿಗೆ ಹಿಡಿದು, ಮೇಲೆ ಆ ಪುಟ್ಟ ರವಿಕೆ ಇಟ್ಟು, ಬಳೆ ಜೋಡಿಸಿ, ಮಲ್ಲಿಗೆ ಹಾಕಿದಾಗ ನಿಜವಾಗಿಯೂ ಹತ್ತೊಂಬತ್ತರ ಹುಡುಗಿಯೊಬ್ಬಳು ನಾಚಿ ಕೂತಂತೆ ಆಯಿತು. ಆ ತಾಯಿ ಎದ್ದು ಬಂದು ರವಿಕೆಯ ತೋಳನ್ನು ಒಮ್ಮೆ ಮುಟ್ಟಿ, ಸರಿಯಾಗಿದೆ ಎಂದರು. ಆಮೇಲೆ ವರನ ಕುರ್ಚಿಗೆ ಅಂಗಿ ತೊಡಿಸಿದೆ. ಹೆಗಲು ಕುರ್ಚಿಯ ಎರಡೂ ಬದಿಗೆ ಜಾರಿತು. ಎಳೆದು ನಿಲ್ಲಿಸಿದೆ, ಮತ್ತೆ ಜಾರಿತು. ಮುಂಭಾಗ ಜೋತುಬಿತ್ತು. ಹೆಣ್ಣಿನ ಕಡೆಯ ಹೆಂಗಸರು ಕಿಸಕ್ಕೆಂದರು, ನಮ್ಮ ಕಡೆಯವರೂ ನಕ್ಕರು, ಎಲ್ಲರಿಗಿಂತ ಮುಂಚೆ ನಾನೇ ನಕ್ಕೆ.

ನಗುತ್ತ ತಿರುಗಿದರೆ ಅತ್ತೆ ನನ್ನ ಹಿಂದೆ ನಿಂತಿದ್ದಳು. ಅವಳು ಅಂಗಿಯನ್ನು ನೋಡುತ್ತಿರಲಿಲ್ಲ, ಪಕ್ಕದ ಕುರ್ಚಿಯ ರವಿಕೆಯನ್ನು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಂಗಿಯನ್ನು ಕುರ್ಚಿಯಿಂದ ತೆಗೆದು ಚಾಪೆಯ ಮೇಲೆ ಹರಡಿ ಕೂತಳು. ಬಲಗೈಯ ಹೆಬ್ಬೆರಳನ್ನು ಗುಂಡಿಯ ಸಾಲಿನ ಮೇಲೆ ಊರಿ ಬದಿಗೆ ಒಂದು ಗೇಣು ಹಾಕಿದಳು. ಮತ್ತೆ ಅಲ್ಲೇ ಊರಿ ಇನ್ನೊಂದು ಬದಿಗೆ ಒಂದು ಗೇಣು. ಎರಡು ಗೇಣು. ಸ್ವಲ್ಪವೂ ಯೋಚಿಸಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ಆ ಅಳತೆ ಅವಳ ಕೈಯಲ್ಲೇ ಇತ್ತು, ಇಷ್ಟು ವರ್ಷವೂ ಇತ್ತು. ಸೂಜಿ ಕೊಡು ಎಂದು ನನ್ನ ಮುಂದೆ ಕೈ ಚಾಚಿದಳು.

ನನ್ನ ಚೀಲದಲ್ಲಿ ಸೂಜಿ ದಾರ ಇತ್ತು. ಅವಳಿಗೆ ಪೋಣಿಸಲು ಕಣ್ಣು ಕಾಣಲಿಲ್ಲ. ನಾನು ದಾರದ ತುದಿ ಹೊಸೆದು ಎರಡು ಸಲ ಗುರಿ ತಪ್ಪಿದೆ. ಕೊನೆಗೆ ಪೋಣಿಸಿದ್ದು ಪಕ್ಕಕ್ಕೆ ಬಂದು ಕೂತ ಆ ತಾಯಿ, ತೊಂಬತ್ತರ ಕಣ್ಣಿನಲ್ಲಿ ಒಂದೇ ಸಲಕ್ಕೆ. ಅತ್ತೆ ಅಂಗಿಯನ್ನು ಮಗುಚಿ ಒಂದೊಂದು ಬದಿಯಲ್ಲೂ ಎರಡೂವರೆ ಇಂಚು ಒಳಗೆ ಸೇರಿಸಿ ಟಾಕು ಹಾಕುತ್ತ ಹೋದಳು. ನನ್ನ ಕಸುಬಿಗೆ ಹೋಲಿಸಿದರೆ ಸೊಟ್ಟ ಟಾಕು. ನಡುವೆ ನನ್ನ ಗಂಡನ ಫೋನ್ ಬಡಿದುಕೊಂಡಿತು, ಇನ್ನೂ ಆಗಿಲ್ಲ ಮಾರಾಯ, ಮದುಮಗನ ಅಂಗಿ ಹೊಲಿಯುತ್ತಿದ್ದಾರೆ ಎಂದು ಅವನು ಹೇಳಿದ್ದು ಇಡೀ ಅಂಗಳಕ್ಕೆ ಕೇಳಿತು, ಯಾರೂ ನಗಲಿಲ್ಲ. ಎರಡನೆಯ ಬದಿ ಮುಗಿಯುವಾಗ ಅತ್ತೆ ತಲೆ ಎತ್ತದೆಯೇ ಆ ತಾಯಿಗೆ ಹೇಳಿದಳು:

"ನನ್ನ ಅಣ್ಣನಿಗೆ ಇಪ್ಪತ್ತೆರಡು ವರ್ಷ. ಇನ್ನು ಜಾಸ್ತಿ ಆಗ್ಲಿಕ್ಕಿಲ್ಲ."

ಆ ತಾಯಿ ಅತ್ತೆಯ ಬೆನ್ನ ಮೇಲೆ ಕೈ ಇಟ್ಟರು. ಆಮೇಲೆ ಮಗನ ಕಡೆ ತಿರುಗಿ ವಾಲಗದವರಿಗೆ ಊದಲು ಹೇಳು ಎಂದರು.

ಅತ್ತೆ ಕೊನೆಯ ಗಂಟು ಹಾಕಿ ದಾರ ಕಡಿದಳು. ಒಳಬದಿಯಲ್ಲಿ ಅಷ್ಟು ಬಟ್ಟೆ ದಪ್ಪಗೆ ಉಳಿದಿತ್ತು, ಹೊರಗಿನಿಂದ ಉಬ್ಬಿ ಕಾಣುತ್ತಿತ್ತು. ಹೊಲಿಗೆಯವಳ ಕೈ ಸುಮ್ಮನಿರುತ್ತದೆಯೇ, ಹೆಚ್ಚಿನದ್ದನ್ನು ಕತ್ತರಿಸಿಬಿಡೋಣವೆಂದು ಕತ್ತರಿ ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅದು ಕತ್ತರಿಸ್ಬೇಡ," ಎಂದಳು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಒಳಗೆ ಇರ್ಲಿ."

ಕತ್ತರಿ ಚೀಲಕ್ಕೆ ಹಾಕಿದೆ. ಧಾರೆ ನಡೆಯಿತು. ಏಳು ಸುತ್ತಿಗೆ ಹೆಣ್ಣಿನ ಬಟ್ಟೆಯ ಹರಿವಾಣವನ್ನು ಅವರ ಸೊಸೆ ಹಿಡಿದಳು, ಗಂಡಿನದ್ದನ್ನು ನಾನು ಹಿಡಿದೆ. ಅಂಗಿ ಈಗ ಆ ರವಿಕೆಗೆ ಜೋಡಿಯಾಗಿ ಕಾಣುತ್ತಿತ್ತು, ಕನ್ನಡಕದ ಕಿಸೆ ಮಾತ್ರ ಎದೆಯ ಮೇಲೆ ದೊಡ್ಡದಾಗಿ ಕೂತಿತ್ತು. ಹೆಂಗಸರು ಅಕ್ಕಿ ಎರಚಿ ಚಿಕ್ಕಪ್ಪನನ್ನು ಗೇಲಿ ಮಾಡುತ್ತಿದ್ದರು, ನಾನು ಅವನ ಪರವಾಗಿ ಒಂದಕ್ಕೆರಡು ಉತ್ತರ ಕೊಡುತ್ತಿದ್ದೆ. ಬಾಯಿ ನಗುತ್ತಿತ್ತು, ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಹರಿವಾಣದ ಅಂಚಿನಲ್ಲಿ ನನ್ನ ಬೆರಳಿಗೆ ಅಂಗಿಯ ಬದಿಯ ಹೊಲಿಗೆ ತಾಗುತ್ತಿತ್ತು. ಒಳಗೆ ಮಡಚಿಟ್ಟ ಬಟ್ಟೆ ಹಾಗೇ ಇತ್ತು.